ಹೊಳೆ ದಂಡೆಗೆ ಯಾವ ಪಂಪು: ಕಪ್ಲಿಂಗ್ ಸೆಟ್ಟೋ, ಸಬ್‌ಮರ್ಸಿಬಲ್ಲೋ?

ಹಳೇ ಮೋಟರ್ ಕೈಕೊಟ್ಟು ಹೊಸದು ಕೂರಿಸುವ ಹೊತ್ತಿಗೆ ನಮ್ಮ ಕಂಪ್ಲಿ ಕಡೆ ಹೊಳೆ ದಂಡೆಯ ರೈತರಿಗೆಲ್ಲ ಇದೇ ಯೋಚನೆ. ಇದ್ದ ಕಟ್ಟೆ ಮೇಲೇ ಮತ್ತೆ ಕಪ್ಲಿಂಗ್ ಸೆಟ್ (ಬೇರೆ ಬೇರೆ ಇರುವ ಮೋಟರ್, ಪಂಪು ಎರಡನ್ನೂ ಕಪ್ಲಿಂಗಿನಿಂದ ಜೋಡಿಸಿದ್ದು) ಇಡಬೇಕಾ, ಇಲ್ಲಾ ನೀರೊಳಗೆ ಇಳಿಬಿಡುವ ಓಪನ್‌ವೆಲ್ ಸಬ್‌ಮರ್ಸಿಬಲ್ ತರಬೇಕಾ? ನಮ್ಮ ಮನೆಯಲ್ಲಿ ಎರಡೂ ಇವೆ. ನನ್ನ ಹೊಲಕ್ಕೆ ಸಬ್‌ಮರ್ಸಿಬಲ್, ಅಣ್ಣನ ಗದ್ದೆಗೆ ಕಪ್ಲಿಂಗ್ ಸೆಟ್. ಎರಡೂ ಏಳೂವರೆ ಎಚ್‌ಪಿ. ಎರಡೂ ಭತ್ತಕ್ಕೆ ತುಂಗಭದ್ರೆಯ ನೀರನ್ನೇ ಎತ್ತುತ್ತವೆ. ಒಂದೇ ಹೊಳೆ, ಒಂದೇ ಲೈನಿನ ಕರೆಂಟು. ಹಾಗಾಗಿ ಹೋಲಿಸಿ ನೋಡಲು ನಮಗೆ ಒಳ್ಳೆ ಅನುಕೂಲ ಆಗಿದೆ.

ಕಂಪನಿ, ರೇಟು, ಸ್ಟಾರ್ ಗುರುತು ಎಲ್ಲ ಆಮೇಲೆ. ಮೊದಲು ಟೇಪ್ ಹಿಡಿದು ದಂಡೆಯ ಎತ್ತರ ಅಳೆಯಿರಿ. ಅದೂ ಏಪ್ರಿಲ್ ತಿಂಗಳಲ್ಲಿ, ನೀರು ತಳ ಸೇರಿದಾಗ. ದಂಡೆ ಮೇಲಿನ ಪಂಪು ನೀರನ್ನು ಎಳೆಯುತ್ತದೆ ಅಂತೀವಲ್ಲ, ನಿಜವಾಗಿ ಹೊರಗಿನ ಗಾಳಿಯ ಒತ್ತಡ ನೀರನ್ನು ಪೈಪಿನೊಳಗೆ ಮೇಲಕ್ಕೆ ನೂಕುತ್ತದೆ. ಆ ಒತ್ತಡಕ್ಕೆ ಲೆಕ್ಕದ ಪ್ರಕಾರ 10.3 ಮೀಟರ್ ತನಕ ಮಾತ್ರ ಶಕ್ತಿ. ಪೈಪಿನ ತಿಕ್ಕಾಟ, ಫುಟ್‌ವಾಲ್ (ಪೈಪಿನ ತಳದಲ್ಲಿ ನೀರು ವಾಪಸ್ ಹೋಗದಂತೆ ತಡೆಯುವ ವಾಲ್ವ್), ಪೈಪಿನ ತಿರುವು ಎಲ್ಲ ಕಳೆದರೆ ನೆಚ್ಚಿಕೊಳ್ಳಬಹುದಾದದ್ದು 6 ಮೀಟರ್, ಅಂದರೆ 20 ಅಡಿ. ಅದಕ್ಕಿಂತ ಆಳಕ್ಕೆ ನೀರು ಇಳಿದರೆ ಪಂಪಿನೊಳಗೆ ಕಡಿ ಕಲ್ಲು ಆಡಿಸಿದಂಥ ಸದ್ದು ಶುರುವಾಗುತ್ತದೆ. ನೀರು ಕಡಿಮೆ ಬರುತ್ತದೆ. ಒಳಗೆ ತಿರುಗಿ ನೀರು ತಳ್ಳುವ ಇಂಪೆಲ್ಲರ್ ಬಿಚ್ಚಿ ನೋಡಿದರೆ ಅಲ್ಲಲ್ಲಿ ಹುಳ ತಿಂದ ಹಾಗೆ ತೂತು ತೂತು. ನನ್ನ ದಂಡೆ ಎತ್ತರ. ಬೇಸಿಗೆಯಲ್ಲಿ ಕಪ್ಲಿಂಗ್ ಸೆಟ್ ಅಲ್ಲಿ ಸೋಲಲೇಬೇಕು. ಅಣ್ಣನ ಕಡೆ ದಂಡೆ ತಗ್ಗು, ವರ್ಷವಿಡೀ ನೀರು ಕೈಗೆಟಕುತ್ತದೆ.

ಇನ್ನು ರಾತ್ರಿ ಕರೆಂಟು. ನಮಗೆ ತ್ರೀಫೇಸ್ ಸಿಗುವುದು ದಿನಕ್ಕೆ 7 ತಾಸು, ಅದೂ ಪಾಳಿ ಪ್ರಕಾರ. ನಡುರಾತ್ರಿ ಕರೆಂಟ್ ಬಂತು ಅಂತ ಇಟ್ಟುಕೊಳ್ಳಿ. ಸಬ್‌ಮರ್ಸಿಬಲ್‌ಗೆ ಆಟೋ ಸ್ಟಾರ್ಟರ್ ಹಾಕಿದ್ದರೆ ತಾನೇ ಎದ್ದು ಓಡುತ್ತದೆ, ನೀರು ಗದ್ದೆ ಸೇರುತ್ತದೆ. ಕಪ್ಲಿಂಗ್ ಸೆಟ್ ಹಾಗಲ್ಲ. ಫುಟ್‌ವಾಲ್‌ನ ಚರ್ಮದ ವಾಷರ್‌ಗೆ ಒಂದು ಕಡ್ಡಿ ಸಿಕ್ಕಿಕೊಂಡರೂ ಸಾಕು, ಪೈಪಿನ ನೀರೆಲ್ಲ ಹೊಳೆಗೆ ವಾಪಸ್. ಆಗ ಟಾರ್ಚ್ ಹಿಡಿದು ಹೋಗಿ, ಬಕೆಟ್‌ನಲ್ಲಿ ನೀರು ಮೊಗೆದು, ಡೆಲಿವರಿ ಪೈಪಿನ ಬಾಯಿಗೆ ಸುರಿಯಬೇಕು. ಸುರಿದ ನೀರು ನಿಂತಿದೆಯಾ ಇಳಿಯುತ್ತಿದೆಯಾ ಅಂತ ನೋಡಬೇಕು. ಇಳಿಯುತ್ತಿದ್ದರೆ ಯಾರಾದರೂ ಹೊಳೆಗೆ ಇಳಿದು ಫುಟ್‌ವಾಲ್ ಕುಲುಕಲೇಬೇಕು. ಕತ್ತಲಲ್ಲಿ, ಹಾವು ಹುಪ್ಪಡಿ ಓಡಾಡುವ ದಂಡೆಯಲ್ಲಿ ಈ ಕೆಲಸ ಸುಮ್ನೆ ಅಲ್ಲ. ವಯಸ್ಸಾದವರೊಬ್ಬರೇ ಹೊಲ ನೋಡಿಕೊಳ್ಳುವ ಮನೆಗಳಿಗೆ ನಾನು ಸಬ್‌ಮರ್ಸಿಬಲ್ ತಗೊಳ್ಳಿ ಅಂತ ಒತ್ತಾಯ ಮಾಡುವುದು ಇದೊಂದೇ ಕಾರಣಕ್ಕೆ.

ಆದರೆ ರಿಪೇರಿಗೆ ಬಂದಾಗ ಕಪ್ಲಿಂಗ್ ಸೆಟ್ಟಿನ ಗುಣ ಗೊತ್ತಾಗುತ್ತದೆ. ಎಲ್ಲ ಕಣ್ಣೆದುರಿಗೇ ಇರುತ್ತದೆ. ಬೇರಿಂಗ್ ಗೊರಗುಟ್ಟಿದರೆ ಕೇಳಿಸುತ್ತದೆ, ಮೋಟರ್ ಬಿಸಿಯಾದರೆ ಕೈಗೆ ತಿಳಿಯುತ್ತದೆ. ಬೇರಿಂಗು, ಗ್ಲ್ಯಾಂಡ್ ದಾರ (ಶಾಫ್ಟಿನ ಸುತ್ತ ನೀರು ಸೋರಿಕೆ ತಡೆಯಲು ಸುತ್ತುವ ದಾರ), ಕಪ್ಲಿಂಗ್ ರಬ್ಬರು ಮೂರೂ ಕಂಪ್ಲಿ ಪೇಟೆಯಲ್ಲೇ ಸಿಗುತ್ತವೆ. ಟ್ರಾನ್ಸ್‌ಫಾರ್ಮರ್ ರಿಪೇರಿ ಆದ ಮೇಲೆ ಫೇಸ್ ಅದಲುಬದಲಾಗಿ ಮೋಟರ್ ಉಲ್ಟಾ ತಿರುಗಿದರೂ ಒಂದು ಸಲ ನೋಡಿದರೆ ಸಾಕು. ಸಬ್‌ಮರ್ಸಿಬಲ್ ಉಲ್ಟಾ ತಿರುಗಿದರೆ ನೀರು ಯಾಕೋ ಕಡಿಮೆ ಅನ್ನುವುದಷ್ಟೇ ಗೊತ್ತಾಗುತ್ತದೆ.

ಅಣ್ಣ ಎರಡು ವಿಷಯದಲ್ಲಿ ತುಂಬಾ ಶಿಸ್ತು. ಒಂದು, ಗ್ಲ್ಯಾಂಡ್ ಬಿಗಿ. ಪಂಪ್ ಓಡುವಾಗ ಗ್ಲ್ಯಾಂಡಿನಿಂದ ನೀರು ಹನಿ ಹನಿಯಾಗಿ ಬೀಳುತ್ತಲೇ ಇರಬೇಕು. ಆ ಹನಿಯೇ ಶಾಫ್ಟಿಗೆ ತಂಪು. ಸೋರುತ್ತಿದೆ ಅಂತ ನಟ್ ಪೂರ್ತಿ ಬಿಗಿದರೆ ದಾರ ಸುಟ್ಟು, ಶಾಫ್ಟಿನ ಸ್ಲೀವ್ ಮೇಲೆ ಗೆರೆ ಬೀಳುತ್ತದೆ. ಎರಡು, ಮೋಟರೂ ಪಂಪೂ ಒಂದೇ ಗೆರೆಯಲ್ಲಿ ಕೂತಿವೆಯಾ ಅನ್ನುವುದು. ಕಪ್ಲಿಂಗಿನ ಎರಡು ಬಿಲ್ಲೆಗಳ ಮೇಲೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನೋಡುತ್ತಾನೆ. ಬೆಳಕು ಕಂಡರೆ ಮೋಟರ್ ಕಾಲಿನ ಕೆಳಗೆ ತೆಳು ತಗಡಿನ ಚೂರು ಇಟ್ಟು ಸರಿ ಮಾಡುತ್ತಾನೆ. ಈ ಎರಡು ನೋಡಿಕೊಂಡರೆ ಕಪ್ಲಿಂಗ್ ಸೆಟ್ ಗಟ್ಟಿ ಬಾಳಿಕೆ. ಎರೆ ನೆಲದಲ್ಲಿ ಮಾತ್ರ ಹುಷಾರು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಮಣ್ಣು ಕಟ್ಟೆಯನ್ನೇ ವಾಲಿಸುತ್ತದೆ. ಪ್ರತಿ ಬೆಳೆಗೂ ಮುಂಚೆ ಪಟ್ಟಿ ಇಟ್ಟು ನೋಡಲೇಬೇಕು.

ಸಬ್‌ಮರ್ಸಿಬಲ್‌ಗೆ ಕಪ್ಲಿಂಗ್ ಇಲ್ಲ, ಗ್ಲ್ಯಾಂಡ್ ದಾರ ಇಲ್ಲ, ಫುಟ್‌ವಾಲ್ ಇಲ್ಲ. ಒಂದೇ ಶಾಫ್ಟು. ಮೋಟರಿನ ಒಳಗೂ ನೀರೇ ತುಂಬಿರುತ್ತದೆ. ಶಾಫ್ಟ್ ತಿರುಗುವ ಬುಷ್‌ಗೆ ಆ ನೀರೇ ಎಣ್ಣೆ ಇದ್ದ ಹಾಗೆ. ಅದಕ್ಕೇ ಇಳಿಸುವ ಮೊದಲು ಬೋಲ್ಟ್ ಬಿಚ್ಚಿ ಶುದ್ಧ ನೀರು ತುಂಬಿ, ಗುಳ್ಳೆ ಬರುವುದು ನಿಲ್ಲುವ ತನಕ ಮೋಟರನ್ನು ಅಲುಗಿಸಬೇಕು. ನೀರಿಲ್ಲದೆ ಓಡಿದರೆ ಬುಷ್ ಮುಗಿದಂತೆ. ಇದರ ದೊಡ್ಡ ಶತ್ರು ಉಸುಕು. ಹೊಳೆ ತಳಕ್ಕೆ ತಾಗಿಸಿ ಮಲಗಿಸಿದರೆ ಉಸುಕು ಎಳೆದುಕೊಂಡು ಬುಷ್ಷೂ ಇಂಪೆಲ್ಲರೂ ಸವೆಯುತ್ತವೆ. ನಾನು ನಾಲ್ಕು ಪ್ಲಾಸ್ಟಿಕ್ ಡ್ರಮ್‌ಗೆ ಕಬ್ಬಿಣದ ಚೌಕಟ್ಟು ಕಟ್ಟಿಸಿ, ಅದರ ಕೆಳಗೆ ಪಂಪ್ ತೂಗುಹಾಕಿದ್ದೇನೆ. ನೀರು ಏರಿದರೆ ತಾನೂ ಏರುತ್ತದೆ, ಇಳಿದರೆ ಇಳಿಯುತ್ತದೆ. ತಳದಿಂದ ಯಾವಾಗಲೂ ಮೇಲೇ ಇರುತ್ತದೆ. ಇದಾದ ಮೇಲೆ ಬುಷ್ ಕಾಟ ಬಹಳ ಕಡಿಮೆ ಆಗಿದೆ.

ಒಂದು ಫೇಸ್ ಹೋಗಿ ಮೋಟರ್ ಸುಟ್ಟರೆ ಮಾತ್ರ ಸಬ್‌ಮರ್ಸಿಬಲ್ ಖರ್ಚು ಜಾಸ್ತಿ. ಇದರ ವೈಂಡಿಂಗ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ಸುತ್ತುವ ಕೆಲಸವೂ ನಿಧಾನ. ನಾಟಿ ಹೊತ್ತಿನಲ್ಲಿ ವೈಂಡಿಂಗ್ ಅಂಗಡಿ ಮುಂದೆ ಮೋಟರ್‌ಗಳ ಸಾಲೇ ಇರುತ್ತದೆ. ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲದೆ ಇದನ್ನು ಹಾಕಲೇಬೇಡಿ.

ಯಾವುದಕ್ಕೆ ಕರೆಂಟ್ ಜಾಸ್ತಿ ಅಂತ ತುಂಬಾ ಜನ ಕೇಳುತ್ತಾರೆ. ನೀರಿನ ಹೊರಗೆ ಓಡುವ ಕಪ್ಲಿಂಗ್ ಸೆಟ್ಟಿನ ಮೋಟರ್ ಸ್ವಲ್ಪ ಮೇಲು. ಆದರೆ ಸಕ್ಷನ್ ಪೈಪು, ಫುಟ್‌ವಾಲ್ ತಿನ್ನುವ ಶಕ್ತಿ ಸಬ್‌ಮರ್ಸಿಬಲ್‌ಗೆ ಉಳಿಯುತ್ತದೆ. 10 ಎಚ್‌ಪಿ ತನಕ ನಮಗೆ ಬಿಲ್ ಕೂಡ ಇಲ್ಲ. ಗದ್ದೆಯಲ್ಲಿ ನಿಂತು ನೋಡಿದರೆ ವ್ಯತ್ಯಾಸ ಕಾಣದು.

ಹೊಳೆ ಬಂದಾಗ ಎರಡಕ್ಕೂ ಗಂಡಾಂತರವೇ. ತುಂಗಭದ್ರಾ ಡ್ಯಾಂನಿಂದ ಲಕ್ಷಕ್ಕೂ ಮೇಲೆ ಕ್ಯೂಸೆಕ್ ಬಿಟ್ಟು ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವಾಗ ದಂಡೆಯ ಕಟ್ಟೆ ಯಾವ ಲೆಕ್ಕ? 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟಿನ ಚೈನ್ ಕಡಿದ ಸುದ್ದಿ ಬಂದಾಗ ನಾವು ಮೊದಲು ಓಡಿದ್ದು ಅಣ್ಣನ ಕಟ್ಟೆಗೆ. ಕಪ್ಲಿಂಗ್ ಸೆಟ್ಟಿನ ಬೋಲ್ಟ್ ಬಿಚ್ಚಿ ಎತ್ತಲು ಮೂರ್ನಾಲ್ಕು ಆಳು ಬೇಕು, ಮೋಟರ್ ನೀರಲ್ಲಿ ಮುಳುಗಿದರೆ ವೈಂಡಿಂಗ್ ಒಣಗಿಸದೆ ಓಡಿಸುವಂತಿಲ್ಲ. ನನ್ನ ಪಂಪಿಗೆ ಮುಳುಗುವ ಭಯ ಇಲ್ಲ. ಕೊಚ್ಚಿಹೋಗುವ ಭಯ ಇದೆ. ಪೈಪು ಜೋಡಿಸುವ ಯೂನಿಯನ್ ಬಿಚ್ಚಿ ಡ್ರಮ್ ಸಮೇತ ದಂಡೆಗೆ ಎಳೆದು ಬೇವಿನ ಮರಕ್ಕೆ ಕಟ್ಟಿದೆವು.

ಈಗ ಅಣ್ಣನ ಮೋಟರೂ ಹಳೆಯದಾಗಿದೆ. ಮತ್ತೆ ಕಪ್ಲಿಂಗ್ ಸೆಟ್ಟೇ ಹಾಕು ಅಂತ ನಾನೇ ಹೇಳಿದ್ದೇನೆ. ತಗ್ಗು ದಂಡೆ, ಉಸುಕಿನ ತಳ, ಕೈಯಲ್ಲಿ ಕೆಲಸ ಗೊತ್ತಿರುವವನು. ಅವನಿಗೆ ಅದೇ ಸರಿ. 20 ಅಡಿ ದಾಟಿದ ದಂಡೆಯವರು ಸಬ್‌ಮರ್ಸಿಬಲ್ ತನ್ನಿ. ತರುವಾಗ ದಪ್ಪ ನೈಲಾನ್ ಹಗ್ಗವನ್ನೂ ತನ್ನಿ. ಪಂಪ್ ಮೇಲೆತ್ತುವಾಗ ಕೇಬಲ್ ಹಿಡಿದು ಎಳೆಯಬೇಡಿ, ಜಾಯಿಂಟ್ ಸಡಿಲಾಗಿ ನೀರು ಒಳಗೆ ಇಳಿಯುತ್ತದೆ.