ಬಾಡಿದ ಎಲೆ ನೋಡಿ ನೀರು ಹಾಕಬೇಡಿ: ಎರಡು ಆರ್ಕಿಡ್ ಕೊಂದವಳ ಮಾತು

ಕಳೆದ ಫೆಬ್ರವರಿಯಲ್ಲಿ ನಾಲ್ಕು ಆರ್ಕಿಡ್ ಕುಂಡ ಮನೆಗೆ ತಂದೆ. ಒಟ್ಟು 2,350 ರೂಪಾಯಿ. ಮೇ ಮುಗಿಯುವ ಹೊತ್ತಿಗೆ ಎರಡು ತಿಪ್ಪೆ ಸೇರಿದ್ದವು, ಇನ್ನೊಂದು ಅದೇ ಹಾದಿ ಹಿಡಿದಿತ್ತು. ಕಲಬುರಗಿ ಬಿಸಿಲಿಗೆ ಸತ್ತಿರಬೇಕು ಅಂತ ನೋಡಿದವರೆಲ್ಲ ಅಂದರು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಕಿತ್ತು ನೋಡಿದ ಮೇಲೆ ಗೊತ್ತಾಯಿತು, ಅವು ಸತ್ತಿದ್ದು ನೀರಿಗೆ. ನಾನೇ ಹಾಕಿದ ನೀರಿಗೆ.

ಈಗ ದೀಪಾವಳಿ ಮುಗಿದಿದೆ, ನರ್ಸರಿಗಳಲ್ಲಿ ಮತ್ತೆ ಹೂ ಬಿಟ್ಟ ಆರ್ಕಿಡ್ ಬಂದು ಕೂತಿವೆ. ಈ ವಾರ ಇಬ್ಬರು ಗೆಳತಿಯರು ಫೋಟೋ ಕಳಿಸಿ "ತರ್ಲೇನು?" ಅಂತ ಕೇಳಿದರು. ಇಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ತಂದಿದ್ದರಲ್ಲಿ ಮೂರು ಫೆಲನಾಪ್ಸಿಸ್. ಅಗಲ ಎಲೆ, ಉದ್ದ ಕಡ್ಡಿಯ ಮೇಲೆ ಚಿಟ್ಟೆ ಕೂತ ಹಾಗೆ ಹೂವು, ಹೋಟೆಲ್ ಕೌಂಟರಿನ ಮೇಲೆ ಇಟ್ಟಿರುತ್ತಾರಲ್ಲ, ಅದು. ಒಂದು ಬಿಳಿ, ಒಂದು ನೇರಳೆ, ಒಂದು ನೀಲಿ. ನಾಲ್ಕನೆಯದು ಡೆಂಡ್ರೋಬಿಯಂ, ಕಬ್ಬಿನ ಹಾಗೆ ಗಿಣ್ಣು ಗಿಣ್ಣಿನ ಕಾಂಡ. ನೀರು ಎಷ್ಟು ಹಾಕಬೇಕು ಅಂತ ಅಂಗಡಿಯವನನ್ನು ಕೇಳಿದೆ. "ದಿನಾ ಎರಡು ಹೊತ್ತು ಹಾಕ್ರಿ ಮೇಡಂ, ನಮ್ಮ ಬಿಸಲಿಗಿ ಅಷ್ಟು ಬೇಕ್ರಿ" ಅಂದ. ಅವನ ಹತ್ತಿರ ಅವು ಹಸಿರು ನೆಟ್ ಕೆಳಗೆ, ತಳಕ್ಕೆ ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ, ಸುತ್ತ ಗಾಳಿಯಾಡುವ ಕಬ್ಬಿಣದ ಜಾಲಿ ಮೇಲೆ ಇದ್ದವು. ಅಲ್ಲಿ ಎರಡು ಹೊತ್ತು ಹಾಕಿದರೂ ನೀರು ನಿಲ್ಲುವುದಿಲ್ಲ. ನಾನು ಮಾಡಿದ್ದೇನು? ಚೆಂದ ಕಾಣಲಿ ಅಂತ ಆ ಪ್ಲಾಸ್ಟಿಕ್ ಕುಂಡವನ್ನು ಹಾಗೇ ಎತ್ತಿ, ತಳಕ್ಕೆ ತೂತಿಲ್ಲದ ಬಿಳಿ ಪಿಂಗಾಣಿ ಕುಂಡದೊಳಗೆ ಇಳಿಸಿದೆ. ಹಾಕಿದ ನೀರೆಲ್ಲ ಅದರ ತಳದಲ್ಲಿ ನಿಂತಿತು. ಒಂದು ತಿಂಗಳು ನಾನು ಅದನ್ನು ಎತ್ತಿಯೂ ನೋಡಲಿಲ್ಲ.

ಇನ್ನೊಂದು ಸಂಗತಿ ಆಮೇಲೆ ಗೊತ್ತಾಯಿತು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ನಾನು ನೀರು ಹಾಕುತ್ತಿದ್ದೆ. ಸಂಜೆ ತುಳಸಿ, ದಾಸವಾಳಕ್ಕೆ ಹಾಕುವಾಗ ನಮ್ಮ ಅತ್ತೆ ಇವಕ್ಕೂ ಒಂದೊಂದು ತಂಬಿಗೆ ಹಾಕುತ್ತಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಅವರ ತಪ್ಪೂ ಅಲ್ಲ. ಏಪ್ರಿಲ್‌ನಲ್ಲಿ 42, 43 ಡಿಗ್ರಿ ಹೊಡೆಯುವ ಊರಲ್ಲಿ ಬಾಯಾರಿದ ಗಿಡಕ್ಕೆ ನೀರು ಕೊಡದೆ ಬಿಡುವುದು ಪಾಪ ಅಂತಲೇ ನಾವು ಬೆಳೆದಿದ್ದೇವೆ.

ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಬಿಸಿಲು ಏರಿತು. ಬಿಳಿ ಹೂವಿನ ಗಿಡದ ಎಲೆಗಳು ಮೆತ್ತಗಾದವು, ಸುಕ್ಕು ಬಿದ್ದವು, ಕೆಳಗೆ ಜೋತವು. ಅತ್ತೆ ನೋಡಿ, "ಯವ್ವಾ, ನೀರಿಲ್ದ ಒಣಗಲತ್ತದ ನೋಡು, ಇನ್ನೊಂದ್ ತಂಬಿಗಿ ಹಾಕು" ಅಂದರು. ನಾನು ಎರಡು ತಂಬಿಗೆ ಹಾಕಿದೆ.

ನಾನು ಕೆಟ್ಟಿದ್ದು ಇಲ್ಲೇ. ಬೇರು ಕೊಳೆತ ಆರ್ಕಿಡ್‌ಗೂ ನೀರಿಲ್ಲದ ಆರ್ಕಿಡ್‌ಗೂ ಎಲೆ ಒಂದೇ ಥರ ಬಾಡುತ್ತದೆ. ಬೇರು ಸತ್ತರೆ ಗಿಡ ನೀರಿನೊಳಗೇ ಕೂತಿದ್ದರೂ ಕುಡಿಯಲಾರದು. ಎಲೆಯಲ್ಲಿದ್ದ ನೀರು ಬಿಸಿಲಿಗೆ ಆರುತ್ತಾ ಹೋಗುತ್ತದೆ, ಕೆಳಗಿನಿಂದ ಬರುವುದಿಲ್ಲ. ನಾವು ಬಾಡಿದ್ದನ್ನು ನೋಡಿ ಮತ್ತೆ ನೀರು ಹಾಕುತ್ತೇವೆ, ಉಳಿದ ನಾಲ್ಕು ಬೇರೂ ಕೊಳೆಯುತ್ತವೆ. ಎಲೆ ನೋಡಿ ತೀರ್ಮಾನ ಮಾಡಬೇಡಿ, ಬೇರು ನೋಡಿ. ಈ ಬರಹದಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿಟ್ಟುಕೊಳ್ಳಿ.

ಏಪ್ರಿಲ್ ಕೊನೆಗೆ ಎಲೆ ಬುಡದಿಂದಲೇ ಕಳಚಿ ಬಿದ್ದಾಗ ಗಿಡ ಎಳೆದೆ. ಏನೂ ತಡೆಯಲಿಲ್ಲ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಬೇರುಗಳು ಕಂದು ಬಣ್ಣ, ಒತ್ತಿದರೆ ನೀರು, ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಕೈಯಲ್ಲಿ. ಮೋರಿ ವಾಸನೆ. ಬೇರುಗಳ ನಡುವೆ ಒಂದು ಉಂಡೆ ಸಿಕ್ಕಿತು, ನೆನೆದ ಹತ್ತಿಯ ಹಾಗೆ. ಅದು ಸ್ಫಾಗ್ನಂ ಪಾಚಿ. ಸಣ್ಣ ಸಸಿ ಇದ್ದಾಗ ಅದರಲ್ಲಿ ಬೆಳೆಸಿ, ಹಾಗೇ ದೊಡ್ಡ ಕುಂಡಕ್ಕೆ ಇಳಿಸಿ, ಸುತ್ತ ತೊಗಟೆ ತುಂಬಿ ಮಾರುತ್ತಾರೆ. ಮೇಲಿನ ತೊಗಟೆ ಒಣಗಿ ಖಡಕ್ ಆಗಿ ಕಾಣುತ್ತದೆ. ನಡುವಿನ ಉಂಡೆ ಮಾತ್ರ ವಾರಗಟ್ಟಲೆ ಹಸಿ. ಮೇಲೆ ಬೆರಳಿಟ್ಟು ನೋಡಿದವಳಿಗೆ ಇದು ಹೇಗೆ ಗೊತ್ತಾಗಬೇಕು?

ಈ ಗಿಡಗಳು ನೆಲದವಲ್ಲ. ಕಾಡಿನಲ್ಲಿ ಮರದ ಕೊಂಬೆ ತಬ್ಬಿಕೊಂಡು, ಬೇರು ಗಾಳಿಗೆ ಬಿಟ್ಟು ಬದುಕುತ್ತವೆ. ಮಲೆನಾಡಿನವರು ಸೀತಾಳೆ ದಂಡೆ ಅನ್ನುತ್ತಾರಲ್ಲ, ಅದೂ ಇದೇ ಜಾತಿಯ ಬಳಗ. ಮಳೆ ಬಂದಾಗ ತೊಯ್ದು, ಮಳೆ ನಿಂತ ಮೇಲೆ ಗಾಳಿಗೆ ಆರಿ, ಮತ್ತೆ ತೊಯ್ಯುವುದು ಅವುಗಳ ರೂಢಿ. ಬೇರಿನ ಮೇಲೆ ಸ್ಪಂಜಿನಂಥ ಹೊದಿಕೆ ಇದೆ, ಅದಕ್ಕೆ ವೆಲಮೆನ್ ಅನ್ನುತ್ತಾರೆ. ಒಣಗಿದಾಗ ಬೇರು ಬೆಳ್ಳಿ ಬಣ್ಣ, ನೀರು ಹೀರಿದಾಗ ಹಸಿರು. ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಇದು ಹೊರಗಿನಿಂದಲೇ ಕಾಣುತ್ತದೆ. ನಾನು ಅದನ್ನೇ ಪಿಂಗಾಣಿಯಲ್ಲಿ ಮುಚ್ಚಿಟ್ಟಿದ್ದೆ, ಜಾಣೆ.

ನೀಲಿ ಗಿಡದ ಕತೆ ಬೇರೆ. ಮಧ್ಯಾಹ್ನದ ಜಳಕ್ಕೆ ಹೆದರಿ ಅದನ್ನು ಹಾಲ್‌ನಲ್ಲಿ ಇಟ್ಟಿದ್ದೆ. ನಮ್ಮ ಕಡೆ ಬೇಸಿಗೆ ಗಾಳಿ ಎಷ್ಟು ಒಣ ಅಂತ ನಿಮಗೆ ಗೊತ್ತು, ಬಟ್ಟೆ ಅರ್ಧ ಗಂಟೆಗೆ ಪಾಪಡ್ ಆಗುತ್ತದೆ. ಆರ್ಕಿಡ್‌ಗೆ ತೇವದ ಗಾಳಿ ಬೇಕು ಅಂತ ಎಲ್ಲೋ ಕೇಳಿ ಸ್ಪ್ರೇ ಬಾಟಲಿ ತಂದೆ. ದಿನಕ್ಕೆ ಐದು ಸಲ, ಮಲಗುವ ಮುಂಚೆ ಇನ್ನೊಂದು ಸಲ, ಪುಸ್ ಪುಸ್. ನೀರು ಎಲೆಗಳ ಮೇಲಿಂದ ಜಾರಿ ನಡುವಿನ ನೆತ್ತಿಯಲ್ಲಿ ನಿಲ್ಲುತ್ತಿತ್ತು, ರಾತ್ರಿಯಿಡೀ. ಒಂದು ಬೆಳಿಗ್ಗೆ ನಡುವಿನ ಎಳೆ ಎಲೆ ಮುಟ್ಟಿದರೆ ಕೈಗೆ ಬಂತು, ಬುಡ ಕಪ್ಪಾಗಿ ಕೊಳೆತಿತ್ತು. ಫೆಲನಾಪ್ಸಿಸ್‌ಗೆ ಬೆಳೆಯಲು ಇರುವುದು ಆ ಒಂದೇ ನೆತ್ತಿ. ಅದು ಹೋದರೆ ಗಿಡ ಸಾಮಾನ್ಯವಾಗಿ ಮುಗಿದ ಹಾಗೇ. ಎಂಟು ದಿನದಲ್ಲಿ ಮುಗಿಯಿತು.

ಆ ನೀಲಿ ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ. ಅಂಥ ಗಾಢ ನೀಲಿ ಫೆಲನಾಪ್ಸಿಸ್ ಅಂಗಡಿಯಲ್ಲಿ ಕಂಡರೆ ಅದು ಬಿಳಿ ಹೂವಿನ ಗಿಡ. ಹೂವಿನ ಕಡ್ಡಿಗೆ ಬಣ್ಣ ಏರಿಸಿರುತ್ತಾರೆ. ನನ್ನದರಲ್ಲೂ ಕಡ್ಡಿಯ ತುದಿಯಲ್ಲಿ ಕೊನೆಗೆ ಅರಳಿದ ಎರಡು ಹೂವು ತೊಳೆದ ಇಂಕಿನ ಹಾಗೆ ಪೇಲವವಾಗಿದ್ದವು. ಮುಂದಿನ ವರ್ಷ ಬದುಕಿದ್ದರೆ ಬಿಳಿಯೇ ಬಿಡುತ್ತಿತ್ತು.

ಮೂರನೆಯದು, ನೇರಳೆ. ಇದರಲ್ಲಿ ನನ್ನ ಅತಿ ಬುದ್ಧಿವಂತಿಕೆ ಇದೆ. ಎರಡು ಗಿಡ ಹೋದ ಮೇಲೆ ಕಡಿಮೆ ನೀರು ಹಾಕಲು ಕಲಿತಿದ್ದೆ, ಪಿಂಗಾಣಿ ಕುಂಡ ತೆಗೆದಿದ್ದೆ. ಆದರೂ ಬೇರಿನ ತುದಿಗಳು ಕಪ್ಪಾಗಿ ಸುಟ್ಟ ಹಾಗೆ ಆದವು. ತೊಗಟೆಯ ಮೇಲೆ ಬಿಳಿ ಪುಡಿ. ಅದು ಬೂಸ್ಟು ಅಂದುಕೊಂಡು ಒರೆಸಿದೆ, ಉಪ್ಪಿನ ಹಾಗೆ ಕರಕರ ಅಂತು. ನಾನು ಹಾಕುತ್ತಿದ್ದುದು ನಮ್ಮ ಆರ್‌ಒ ಫಿಲ್ಟರ್‌ನಿಂದ ಹೊರಬೀಳುವ ನೀರು. ಸುಮ್ನೆ ಮೋರಿಗೆ ಹೋಗುತ್ತದೆ, ಗಿಡಕ್ಕಾದರೂ ಆಗಲಿ ಅಂತ ಬಕೆಟ್‌ನಲ್ಲಿ ಹಿಡಿದಿಡುತ್ತಿದ್ದೆ. ಯೋಚನೆ ಮಾಡಿ: ಫಿಲ್ಟರ್ ನಮ್ಮ ಕುಡಿಯುವ ನೀರಿನಿಂದ ತೆಗೆದ ಉಪ್ಪು ಎಲ್ಲಿಗೆ ಹೋಗುತ್ತದೆ? ಆ ಬಕೆಟ್‌ಗೇ ಅಲ್ವಾ.

ಶಾಲೆಯ ವಿಜ್ಞಾನ ಮೇಷ್ಟ್ರ ಹತ್ತಿರ ಟಿಡಿಎಸ್ ಮೀಟರ್ ಇತ್ತು, ನೀರಿನಲ್ಲಿ ಕರಗಿದ ಉಪ್ಪು ಎಷ್ಟು ಅಂತ ತೋರಿಸುವಂಥದ್ದು, ತಂದು ಅಳೆದೆ. ನಮ್ಮ ಬೋರ್ ನೀರು ಲೀಟರಿಗೆ 1,180 ಮಿಲಿಗ್ರಾಂ. ಫಿಲ್ಟರ್ ಹೊರಗೆ ಬಿಡುವ ನೀರು 1,700 ದಾಟಿತ್ತು. ಫಿಲ್ಟರ್ ಆದ ನೀರು 70. ಆರ್ಕಿಡ್‌ಗೆ 200ರ ಒಳಗಿದ್ದರೆ ಒಳ್ಳೆಯದು. ಗಡಸು ನೀರು ಅಂದರೆ ಏನು ಅಂತ ತಿಳಿಯಲು ಮೀಟರೂ ಬೇಕಿಲ್ಲ, ಮೇ ತಿಂಗಳಲ್ಲಿ ನಿಮ್ಮ ಕೂಲರ್ ಪ್ಯಾಡ್ ನೋಡಿ. ಸುಣ್ಣ ಬಳಿದ ಹಾಗೆ ಗಟ್ಟಿಯಾಗಿರುತ್ತದಲ್ಲ, ನಿಮ್ಮ ಕುಂಡದ ತೊಗಟೆಗೂ ಬೇರಿಗೂ ಆಗುವುದು ಅದೇ. ಕೂಲರ್ ತೊಟ್ಟಿಯಲ್ಲಿ ಉಳಿದ ನೀರನ್ನು ಗಿಡಕ್ಕೆ ಸುರಿಯುವವರೂ ಇದ್ದಾರೆ. ನೀರು ಆರಿದಷ್ಟೂ ಉಪ್ಪು ಅಲ್ಲೇ ಉಳಿಯುತ್ತದೆ, ಆದ್ದರಿಂದ ಅದು ಬೋರ್ ನೀರಿಗಿಂತ ಕೆಟ್ಟದ್ದು. ದಾಸವಾಳ ಹೇಗೋ ತಡೆದುಕೊಂಡೀತು. ಇದು ತಡೆಯದು.

ನೇರಳೆ ಗಿಡ ಉಳಿಯಿತು, ಹೇಗೋ. ಕತ್ತರಿಯನ್ನು ಗ್ಯಾಸ್ ಉರಿಗೆ ಹಿಡಿದು, ಆರಿಸಿ, ಮೆತ್ತಗಿದ್ದ ಬೇರುಗಳನ್ನೆಲ್ಲ ಕತ್ತರಿಸಿದೆ. ಗಟ್ಟಿಯಾಗಿದ್ದವು ಮೂರೇ. ಕತ್ತರಿಸಿದ ಬಾಯಿಗೆ ಮಾತ್ರ ದಾಲ್ಚಿನ್ನಿ ಪುಡಿ ಹಚ್ಚಿದೆ. ಒಳ್ಳೆಯ ಬೇರಿಗೆ ಹಚ್ಚಬಾರದು, ಒಣಗಿಸಿಬಿಡುತ್ತದೆ. ತೆಂಗಿನ ಸಿಪ್ಪೆಯನ್ನು ಹೆಬ್ಬೆರಳಿನಷ್ಟು ತುಂಡು ಮಾಡಿ, ಎರಡು ದಿನ ನೆನೆಸಿ, ಆ ಕೆಂಪು ನೀರು ಚೆಲ್ಲಿ, ಮತ್ತೆ ನೆನೆಸಿ, ಕಟ್ಟಿಗೆ ಇದ್ದಿಲಿನ ಜೊತೆ ಕಲಸಿ ಕುಂಡಕ್ಕೆ ತುಂಬಿದೆ. ಮಣ್ಣು ಒಂದು ಚಿಟಿಕೆಯೂ ಇಲ್ಲ. ಕೋಕೋಪೀಟ್ ಪುಡಿಯೂ ಬೇಡ, ಅದು ನೀರು ಹಿಡಿದು ಅಂಟಿಕೊಂಡು ಕೂರುತ್ತದೆ. ಅತ್ತೆ ಇದನ್ನು ನೋಡಿ, "ಎರಿಮಣ್ಣಾಗ ಹಚ್ಚಿದ್ರ ತೊಗರಿ ಬಂದಂಗ ಬರ್ತದ, ಇದೇನ್ ಇದ್ದಿಲಿನಾಗ ಹಚ್ಚಲತ್ತಿ?" ಅಂತ ನಕ್ಕರು. ಎರೆಮಣ್ಣಿನಲ್ಲಿ ಇಟ್ಟಿದ್ದರೆ ವಾರದಲ್ಲಿ ಅದರ ಕತೆ ಮುಗಿಯುತ್ತಿತ್ತು.

ಈಗ ನೀರು ಹಾಕುವುದು ಹೀಗೆ. ಕುಂಡ ಎತ್ತಿ ನೋಡುತ್ತೇನೆ, ಹಗುರ ಇರಬೇಕು. ಬೇರು ಬೆಳ್ಳಿಯಾಗಿರಬೇಕು. ಎರಡೂ ಇದ್ದರೆ ಬೆಳಿಗ್ಗೆ ಬಚ್ಚಲಲ್ಲಿ ಇಟ್ಟು ಒಂದು ತಂಬಿಗೆ ನೀರು ನಿಧಾನಕ್ಕೆ ಸುರಿದು, ಕೆಳಗಿಂದ ಪೂರ್ತಿ ಸೋರಿದ ಮೇಲೆ ಜಾಗಕ್ಕೆ ಇಡುತ್ತೇನೆ. ನೆತ್ತಿಯಲ್ಲಿ ಹನಿ ನಿಂತಿದ್ದರೆ ಟಿಶ್ಯೂ ಚೂರಿನಿಂದ ಹೀರಿ ತೆಗೆಯುತ್ತೇನೆ. ಜೂನ್ ಮೊದಲ ವಾರ ಇನ್ನೂ ಜಳ ಇದ್ದಾಗ ನಾಲ್ಕು ದಿನಕ್ಕೊಮ್ಮೆ ಬೇಕಾಯಿತು, ಮಳೆಗಾಲದಲ್ಲಿ ಒಂಬತ್ತು ಹತ್ತು ದಿನಕ್ಕೊಮ್ಮೆ ಸಾಕಾಯಿತು. ಸೋಮವಾರ, ಗುರುವಾರ ಅಂತ ವಾರ ನೋಡಿ ಹಾಕಬೇಡಿ. ಗಾಳಿಗೆ ತೇವ ಬೇಕಾದರೆ ತಟ್ಟೆಯಲ್ಲಿ ಜಲ್ಲಿ ಕಡಿ ಹಾಕಿ, ನೀರು ಹಾಕಿ, ಅದರ ಮೇಲೆ ಕುಂಡ. ಕುಂಡದ ತಳಕ್ಕೆ ನೀರು ತಾಗಬಾರದು ಅಷ್ಟೆ. ಸ್ಪ್ರೇ ಬಾಟಲಿ ಈಗ ಕಿಟಕಿ ಗಾಜು ಒರೆಸಲು ಇದೆ.

ಮಳೆ ನೀರಿಗಿಂತ ಒಳ್ಳೆಯದು ಇಲ್ಲ. ಮೊದಲ ಮಳೆ ಬಿಟ್ಟು, ಆಮೇಲಿನದ್ದನ್ನು ಮಾಳಿಗೆಯಿಂದ ಎರಡು ಡ್ರಮ್ಮಿಗೆ ಹಿಡಿದಿದ್ದೇನೆ, ಸೊಳ್ಳೆ ಬಾರದಂತೆ ಬಟ್ಟೆ ಕಟ್ಟಿ. ಅದು ತೀರಿದಾಗ ಫಿಲ್ಟರ್ ಆದ ಕುಡಿಯುವ ನೀರೇ. ಹೌದು, ನಾವು ಕುಡಿಯುವ ನೀರನ್ನು ಗಿಡಕ್ಕೆ ಹಾಕುವುದು ನನಗೂ ಕಸಿವಿಸಿ. ವಾರಕ್ಕೆ ಒಂದೂವರೆ ಲೀಟರ್ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತೇನೆ. ಗೊಬ್ಬರ ಅಂದರೆ ರೈತರ ಅಂಗಡಿಯ 19-19-19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವುದು), ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ, ಅದೂ ಹೊಸ ಎಲೆ ಬರುವಾಗ ಮಾತ್ರ.

ಡೆಂಡ್ರೋಬಿಯಂ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಅದು ಗಟ್ಟಿ ಪಿಂಡ. ಅಂಗಳದ ಶಹಾಬಾದ್ ಕಲ್ಲಿನ ಪರಸಿಯ ಮೇಲೆ ಇಟ್ಟಿದ್ದಾಗ ಮಾತ್ರ ಕೆಳಗಿನ ಕಾವಿಗೆ ಎಲೆ ಸುಟ್ಟಿತು. ಬೇವಿನ ಮರದ ಕೊಂಬೆಗೆ ತೂಗಿಬಿಟ್ಟ ಮೇಲೆ ಬುಡದಿಂದ ಎರಡು ಹೊಸ ಕಾಂಡ ಬಂದಿವೆ. ನಮ್ಮ ಊರಲ್ಲಿ ಮೊದಲ ಸಲ ತರುವವರು ಇದನ್ನೇ ತನ್ನಿ ಅನ್ನುತ್ತೇನೆ. ಫೆಲನಾಪ್ಸಿಸ್ 35 ಡಿಗ್ರಿ ದಾಟಿದರೆ ನರಳುತ್ತದೆ, ನಮ್ಮಲ್ಲಿ ಮೂರು ತಿಂಗಳು ಅದಕ್ಕಿಂತ ಮೇಲೇ ಅಲ್ವಾ.

ದುಡ್ಡು ಕಳೆದುಕೊಂಡ ಇನ್ನೊಂದು ಬಗೆಯೂ ಇದೆ. ಗಿಡ ಸತ್ತ ಬೇಜಾರಿನಲ್ಲಿ ಮೊಬೈಲ್‌ನಲ್ಲಿ "ಅಪರೂಪದ ಆರ್ಕಿಡ್ ಬೀಜ, 100 ಕಾಳು, 149 ರೂಪಾಯಿ" ಅಂತ ಕಂಡು ತರಿಸಿದೆ. ಸಾಸಿವೆಯಷ್ಟು ದಪ್ಪ ಕಾಳು ಬಂದವು. ಹಾಕಿದೆ, ಮೊಳೆತವು, ಹತ್ತಿಪ್ಪತ್ತು ದಿನಕ್ಕೆ ರಾಜಗಿರಿ ಸೊಪ್ಪಿನಂಥದ್ದೇನೋ ಎದ್ದು ನಿಂತಿತು. ಆರ್ಕಿಡ್ ಬೀಜ ಕಾಳೇ ಅಲ್ಲ, ಧೂಳು. ವೆನಿಲಾ ಕೂಡ ಒಂದು ಆರ್ಕಿಡ್. ಒಳ್ಳೆಯ ವೆನಿಲಾ ಐಸ್‌ಕ್ರೀಮಿನಲ್ಲಿ ಕಾಣುವ ಕಪ್ಪು ಚುಕ್ಕೆಗಳು ಅದರ ಬೀಜ. ಹೆಚ್ಚಿನ ಆರ್ಕಿಡ್ ಬೀಜ ಅದಕ್ಕಿಂತಲೂ ಸಣ್ಣ. ಅದರೊಳಗೆ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಉಣಿಸಬೇಕು, ಇಲ್ಲವೇ ಲ್ಯಾಬಿನ ಬಾಟಲಿಯಲ್ಲಿ ಮೊಳೆಸಬೇಕು. ಕುಂಡದಲ್ಲಿ ಉದುರಿಸಿ ಬೆಳೆಯುವ ಮಾತೇ ಇಲ್ಲ. ಎಷ್ಟೇ ನಕ್ಷತ್ರ ಕೊಟ್ಟಿರಲಿ, ಆ ಪ್ಯಾಕೆಟ್ ತರಿಸಬೇಡಿ.

ಅಂಗಡಿಗೆ ಹೋಗಿ ಕೇಳಿದ್ದೆ, ಹೀಗಾಯಿತಲ್ಲ ಅಂತ. "ಬಿಸಲಿಗಿ ಸತ್ತಾವ್ರಿ ಮೇಡಂ, ಹೊಸಾದು ಬಂದಾವ ನೋಡ್ರಿ" ಅಂದ. ಅವನ ಮೇಲೆ ಸಿಟ್ಟು ಪೂರ್ತಿ ಇಳಿದಿಲ್ಲ. ನೀವು ಕೊಳ್ಳುವಾಗ ಹೂವು ನೋಡಿ ಮರುಳಾಗಬೇಡಿ. ಕುಂಡ ಎತ್ತಿ ತಿರುಗಿಸಿ, ಬೇರು ಕಾಣುತ್ತದೆಯೇ ನೋಡಿ, ಹಸಿರೋ ಬೆಳ್ಳಿಯೋ ಇದ್ದು ಗಟ್ಟಿಯಿದ್ದರೆ ತನ್ನಿ. ಕಂದು ಇದ್ದರೆ ಅಲ್ಲೇ ಇಟ್ಟು ಬನ್ನಿ. ಬಿಸಿಲು ಏರುವ ಮುಂಚೆ ಫೆಬ್ರವರಿಯಲ್ಲಿ ತರಬೇಡಿ, ಗಿಡ ಮನೆಗೆ ಹೊಂದಿಕೊಳ್ಳುವ ಮೊದಲೇ ಜಳ ಬರುತ್ತದೆ. ಮಳೆಗಾಲದಲ್ಲಿ ತನ್ನಿ.

ನೇರಳೆ ಗಿಡಕ್ಕೆ ಆಗಸ್ಟ್‌ನಲ್ಲಿ ಒಂದು ಎಲೆ, ಈಗ ಹಸಿರು ತುದಿಯ ಎರಡು ಬೇರು ಬಂದಿವೆ. ರಾತ್ರಿ ತಣ್ಣಗಾದರೆ ಇದು ಹೂವಿನ ಕಡ್ಡಿ ಬಿಡುತ್ತದಂತೆ, ಅದಕ್ಕೆ ನಮ್ಮ ಡಿಸೆಂಬರ್ ಚಳಿ ಸಾಕು. ಕಿಟಕಿಯ ಪಕ್ಕ ಇಟ್ಟು, "ಅತ್ತೆ, ನಾನು ಹಾಕಿದ್ದೇನೆ" ಅಂತ ಚೀಟಿ ಅಂಟಿಸಿದ್ದೇನೆ. ನಿನ್ನೆ ಸಂಜೆ ಅವರು ತಂಬಿಗೆ ಹಿಡಿದು ಬಂದು, ಚೀಟಿ ಓದಿ, ಒಂದು ಗಳಿಗೆ ನಿಂತು, ತುಳಸಿ ಕಡೆ ಹೋದರು.