ರೆಕಾರ್ಡ್ ಪಾಠವೋ, ಲೈವ್ ತರಗತಿಯೋ? ಕೊಡಗಿನ ಧರ್ಮಕೇಂದ್ರಗಳಿಗೆ ಒಂದು ಹೋಲಿಕೆ

ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ, ಆದಿವಾಸಿಗಳ ಹಾಡಿಗಳಿಗೆ ಹೋಗಿ ಕೆಲಸ ಮಾಡಬೇಕು, ಅಲ್ಲಿನವರ ಪರವಾಗಿ ಕಚೇರಿಗಳಲ್ಲಿ ಮಾತಾಡಬೇಕು ಅನ್ನುವ ಚರ್ಚ್ ತಂಡಗಳಿಗೆ ಆನ್‌ಲೈನ್‌ನಲ್ಲಿ ಕಲಿಯಲು ಎರಡು ದಾರಿ ಇವೆ.

ಮೊದಲನೆಯದು ರೆಕಾರ್ಡ್ ಮಾಡಿದ ಕೋರ್ಸ್. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ‘ಸ್ವಯಂ’ನಲ್ಲಿ ಪಾಠ ಉಚಿತ. ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷೆಯ ಫೀಸು. ಜೂನ್, ಜುಲೈ ಮಳೆಗೆ ಕರೆಂಟ್ ಹೋದರೂ ನಾಳೆ ನೋಡಬಹುದು. ಆದರೆ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಒಬ್ಬರೇ ಕೂತರೆ ಅರ್ಧಕ್ಕೆ ಬಿಡುವವರೇ ಜಾಸ್ತಿ.

ಎರಡನೆಯದು ಜೂಮ್‌ನಲ್ಲಿ ನೇರ ತರಗತಿ. ನೆಟ್‌ವರ್ಕ್ ಸಿಗದಿದ್ದರೆ ಕಷ್ಟ, ನಿಜ. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಸಭೆ ಕಟ್ ಆಗುತ್ತದೆ. ಆದರೂ ಹಕ್ಕಿನ ವಿಷಯಕ್ಕೆ ನನ್ನ ಓಟು ಇದಕ್ಕೇ. ಉದಾಹರಣೆಗೆ, ಕಾಡಿನಲ್ಲಿ ನೆಲೆಸಿದವರ ಹಕ್ಕನ್ನು ಮಾನ್ಯ ಮಾಡುವ ಅರಣ್ಯ ಹಕ್ಕು ಕಾಯ್ದೆ 2006ರದ್ದು. ಅದರಲ್ಲಿ ಒಂಟಿ ಕುಟುಂಬದ ಅರ್ಜಿ ಬೇರೆ, ಇಡೀ ಸಮುದಾಯದ ಅರ್ಜಿ ಬೇರೆ, ಎರಡೂ ಗ್ರಾಮಸಭೆಗೆ ಹೋಗಬೇಕು. ಯರವ ಬುಡಕಟ್ಟಿನವರ ಹಾಡಿಯಲ್ಲಿ ಯಾವುದು ತುಂಬಬೇಕು ಅಂತ ವಿಡಿಯೊವನ್ನು ಕೇಳೋಕೆ ಆಗಲ್ಲ ಅಲ್ವಾ? ಮಾಹಿತಿ ಹಕ್ಕಿನ ಅರ್ಜಿಯನ್ನೂ ತರಗತಿಯಲ್ಲೇ ಬರೆದು ತಿದ್ದಿಸಿಕೊಳ್ಳಬಹುದು. ಉತ್ತರಕ್ಕೆ ಸಾಮಾನ್ಯವಾಗಿ 30 ದಿನ.

ಸೇವೆಯ ಮೂಲಪಾಠ ಮಾತ್ರ ಸಾಕು ಅನ್ನುವವರಿಗೆ ರೆಕಾರ್ಡ್ ಕೋರ್ಸ್ ಸಾಕು. ಭಾನುವಾರದ ಪೂಜೆ ಮುಗಿದ ಮೇಲೆ ಹಾಲ್‌ನಲ್ಲಿ ಪರದೆ ಹಾಕಿ ಎಲ್ಲರೂ ಸೇರಿ ನೋಡಿ. ಯಾವುದೇ ಆರಿಸಿದರೂ ಡಿಸೆಂಬರ್, ಜನವರಿ ಬೇಡ. ಕಾಫಿ ಕುಯ್ಲಿನಲ್ಲಿ ಯಾರೂ ಬರಲ್ಲ.