ಗಾಜಿನ ಚೂರಿನ ಮೂಲ ಹುಡುಕಲು ಯಾವ ವಿಧಾನ: ಕೈಯಂತ್ರ, ಲೇಸರ್, ಐಸೋಟೋಪ್

ರೋಮನ್ ಕಾಲದ ಗಾಜಿನ ಬಟ್ಟಲಿನ ಚೂರೊಂದು ಎಲ್ಲಿಯದೆಂದು ಕೇಳಿದಾಗ ಆ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿರುತ್ತವೆ. ಮರಳು ಮತ್ತು ಸೋಡಾವನ್ನು ಕರಗಿಸಿ ಕಚ್ಚಾ ಗಾಜು ಮಾಡಿದ ಜಾಗ ಒಂದು. ಆ ಗಾಜಿನ ಗಟ್ಟಿಗಳನ್ನು ತರಿಸಿಕೊಂಡು, ಮತ್ತೆ ಕಾಯಿಸಿ, ಪಾತ್ರೆಗೆ ರೂಪ ಕೊಟ್ಟ ಜಾಗ ಇನ್ನೊಂದು. ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಕರಾವಳಿಯ ಕುಲುಮೆಗಳಲ್ಲಿ ಟನ್‌ಗಟ್ಟಲೆ ತಯಾರಾದ ಗಾಜು ಹಡಗೇರಿ ಮೆಡಿಟರೇನಿಯನ್ನಿನ ಉದ್ದಗಲಕ್ಕೂ ಹೋಗುತ್ತಿತ್ತು. ರಾಸಾಯನಿಕ ವಿಶ್ಲೇಷಣೆ ಉತ್ತರಿಸುವುದು ಮೊದಲ ಪ್ರಶ್ನೆಗೆ ಮಾತ್ರ. ಇದನ್ನು ಮರೆತು ಬರೆದ ವರದಿಗಳು ಓದುಗರನ್ನು ದಾರಿ ತಪ್ಪಿಸುತ್ತವೆ.

ವಿದೇಶದ ಪ್ರಯೋಗಾಲಯವೊಂದರಲ್ಲಿ ಓದುತ್ತಿದ್ದಾಗ, ಪೂರ್ವ ಮೆಡಿಟರೇನಿಯನ್ನಿನ ಒಂದೇ ಸಂಗ್ರಹದ ಚೂರುಗಳನ್ನು ಬೇರೆ ಬೇರೆ ವಿಧಾನಗಳಲ್ಲಿ ಪರೀಕ್ಷಿಸುವ ಅವಕಾಶ ನನಗೆ ದೊರೆಯಿತು. ಆ ಕಾಲದ ಸೋಡಾ ಮುಖ್ಯವಾಗಿ ಈಜಿಪ್ಟಿನ ವಾದಿ ನತ್ರೂನ್ ಸರೋವರಗಳ ನೇಟ್ರಾನ್ ಎಂಬ ಖನಿಜ. ಅದರಲ್ಲಿ ಬೆರಕೆ ಕಡಿಮೆಯಾದ್ದರಿಂದ ಇಂಥ ಗಾಜಿನಲ್ಲಿ ಪೊಟ್ಯಾಷ್ ಮತ್ತು ಮೆಗ್ನೀಷಿಯಾ ಸಾಮಾನ್ಯವಾಗಿ ತಲಾ ಶೇಕಡಾ 1.5ಕ್ಕಿಂತ ಕೆಳಗಿರುತ್ತವೆ. ಹಾಗಾಗಿ ಊರನ್ನು ಹೇಳಬೇಕಾದದ್ದು ಮರಳು. ಪ್ಯಾಲೆಸ್ಟೈನ್ ಕರಾವಳಿಯ ಮರಳಿನಲ್ಲಿ ಕಡಲ ಚಿಪ್ಪಿನ ಪುಡಿ ಬೆರೆತಿರುವುದರಿಂದ ಸುಣ್ಣದ ಜೊತೆಗೆ ಸ್ಟ್ರಾನ್ಷಿಯಂ ಹೆಚ್ಚಾಗಿಯೂ, ಟೈಟಾನಿಯಂ ಮತ್ತು ಜಿರ್ಕೋನಿಯಂ ಕಡಿಮೆಯಾಗಿಯೂ ಇರುತ್ತವೆ. ಈಜಿಪ್ಟಿನ ಹಲವು ಮರಳುಗಳಲ್ಲಿ ಈ ಕೊನೆಯ ಎರಡು ಏರುತ್ತವೆ.

ಮೊದಲು, ಕ್ಷ-ಕಿರಣ ಹಾಯಿಸಿ ಮರಳಿ ಹೊಮ್ಮುವ ಕಿರಣಗಳಿಂದ ಧಾತುಗಳನ್ನು ಅಳೆಯುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ. ಪಾತ್ರೆಯನ್ನು ಒಡೆಯದೆ, ವಸ್ತುಸಂಗ್ರಹಾಲಯದ ಮೇಜಿನ ಮೇಲೆಯೇ ಅಳೆಯಬಹುದು ಎಂಬುದು ಅದರ ದೊಡ್ಡ ಗುಣ. ಬಣ್ಣವಿಲ್ಲದ ಗಾಜುಗಳಲ್ಲಿ ಆಂಟಿಮೊನಿ ಹಾಕಿ ತಿಳಿಗೊಳಿಸಿದ್ದು ಯಾವುದು, ಮ್ಯಾಂಗನೀಸ್ ಹಾಕಿದ್ದು ಯಾವುದು ಎಂದು ಅದು ಕೆಲವೇ ನಿಮಿಷಗಳಲ್ಲಿ ಬೇರ್ಪಡಿಸಿ ಕೊಟ್ಟಿತು. ಆದರೆ ಸೋಡಿಯಂನ ಕ್ಷ-ಕಿರಣ ಬಹಳ ದುರ್ಬಲವಾದ್ದರಿಂದ ನಡುವಿನ ಗಾಳಿಯಲ್ಲೇ ಹೀರಿಹೋಗುತ್ತದೆ. ಗಾಜಿನ ಮುಖ್ಯ ಘಟಕವೊಂದು ಯಂತ್ರಕ್ಕೆ ಕಾಣುವುದೇ ಇಲ್ಲ. ಇನ್ನೊಂದು ತೊಡಕು ಮೇಲ್ಮೈಯದು. ಮಣ್ಣಿನಲ್ಲಿ ಶತಮಾನಗಳ ಕಾಲ ಹೂತಿದ್ದ ಗಾಜಿನ ಮೇಲೆ ಕಾಮನಬಿಲ್ಲಿನ ಬಣ್ಣಗಳ ತೆಳು ಪದರವೊಂದು ಈರುಳ್ಳಿ ಸಿಪ್ಪೆಯಂತೆ ಏಳುತ್ತಿರುತ್ತದೆ. ಅದರಲ್ಲಿ ಸೋಡಾ ತೊಳೆದುಹೋಗಿರುವುದರಿಂದ ಉಳಿದ ಧಾತುಗಳ ಪ್ರಮಾಣ ಏರುಪೇರಾಗಿರುತ್ತದೆ. ಬಟ್ಟಲೊಂದರ ತಳದ ಚೂರಿನ ಒಡೆದ ಅಂಚನ್ನು ವಜ್ರದ ಪುಡಿಯ ಲೇಪದಿಂದ ಉಜ್ಜಿ, ಒಳಗಿನ ತಿಳಿ ಗಾಜು ಹೊಳೆಯುವವರೆಗೆ ಕಾದು ಅಳೆದಾಗ ಬಂದ ಅಂಕಿಗಳಿಗೂ, ಅದೇ ಚೂರಿನ ಹೊರಮೈಯ ಅಂಕಿಗಳಿಗೂ ತಾಳೆಯೇ ಇರಲಿಲ್ಲ. ಇಡೀ ಪಾತ್ರೆಯನ್ನು ಹೀಗೆ ಉಜ್ಜಲು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ವಿಂಗಡಣೆಗೆ ಈ ಯಂತ್ರ ಚೆನ್ನ. ಮೂಲವನ್ನು ತೀರ್ಮಾನಿಸಲು ಅದೊಂದನ್ನೇ ನಂಬುವುದನ್ನು ನಾನು ಒಪ್ಪುವುದಿಲ್ಲ.

ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸೋಡಾ, ಸುಣ್ಣ, ಅಲ್ಯುಮಿನಾಗಳನ್ನು ಸರಿಯಾಗಿ ಅಳೆಯುತ್ತದೆ, ಆದರೆ ಶೇಕಡಾ 0.1ರ ಆಸುಪಾಸಿನಲ್ಲಿ ಅದರ ಕಣ್ಣು ಮಂಜಾಗುತ್ತದೆ. ಮರಳಿನ ಗುರುತುಗಳಲ್ಲಿ ಹೆಚ್ಚಿನವು ಅದಕ್ಕಿಂತ ಕೆಳಗಿವೆ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಲೇಸರ್ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಯಂತ್ರ. ಚೂರನ್ನು ಪುಟ್ಟ ಮುಚ್ಚಿದ ಕೋಣೆಯಲ್ಲಿಟ್ಟು ಲೇಸರ್ ಹಾಯಿಸಿದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಗಲದ ಕುಳಿ ಬೀಳುತ್ತದೆ, ಬರಿಗಣ್ಣಿಗೆ ಅದು ಕಾಣುವುದಿಲ್ಲವೆಂದೇ ಹೇಳಬೇಕು. ಅಲ್ಲಿಂದೆದ್ದ ಸೂಕ್ಷ್ಮ ಧೂಳನ್ನು ಅನಿಲದ ಹರಿವು ಯಂತ್ರಕ್ಕೆ ಒಯ್ಯುತ್ತದೆ. ಪರದೆಯ ಮೇಲೆ ಮೊದಲ ಕ್ಷಣಗಳಲ್ಲಿ ಸೋಡಿಯಂನ ಗೆರೆ ತಗ್ಗಿನಲ್ಲಿದ್ದು, ಲೇಸರ್ ಶಿಥಿಲ ಪದರವನ್ನು ದಾಟಿದೊಡನೆ ಮೇಲೇರಿ ಸಮವಾಗಿ ನಿಲ್ಲುತ್ತದೆ. ಆ ಸಮತಟ್ಟಾದ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಸುಮಾರು ಐವತ್ತು ಧಾತುಗಳು ಒಂದೇ ಸಲಕ್ಕೆ, ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತ (ಒಂದು ಪಿಪಿಎಂಗಿಂತ) ಕಡಿಮೆ ಇದ್ದರೂ, ಸಿಗುತ್ತವೆ. ಹಳೆಯ ಗಾಜನ್ನು ಕರಗಿಸಿ ಮರುಬಳಸಿದ್ದರೆ ತಾಮ್ರ, ಸೀಸ, ತವರಗಳು ನೂರಾರು ಪಿಪಿಎಂಗೆ ಏರಿ ಅದನ್ನೂ ತಿಳಿಸುತ್ತವೆ. ಭಾರತದ ಗಾಜನ್ನು ರೋಮನ್ ಗಾಜಿನಿಂದ ಬೇರ್ಪಡಿಸಲೂ ಇದೇ ತಕ್ಕ ದಾರಿ: ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಮಣಿಗಳಲ್ಲಿ ಹೆಚ್ಚಾಗಿ ಕಾಣುವ ಗಾಜಿನಲ್ಲಿ ಅಲ್ಯುಮಿನಾ ರೋಮನ್ ಗಾಜಿನದಕ್ಕಿಂತ ಬಹಳ ಹೆಚ್ಚು. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1945ರಲ್ಲಿ ಅಗೆದ, ಪುದುಚೇರಿ ಬಳಿಯ ಅರಿಕಮೇಡುವಿನಂಥ ನೆಲೆಯಲ್ಲಿ ರೋಮನ್ ಬಟ್ಟಲಿನ ಚೂರುಗಳೂ ಸ್ಥಳೀಯ ಮಣಿಗಳೂ ಒಟ್ಟಿಗೇ ಸಿಗುವಾಗ ಈ ವ್ಯತ್ಯಾಸ ಎಷ್ಟು ಬೆಲೆಯುಳ್ಳದ್ದೆಂದು ಹೇಳಬೇಕಾಗಿಲ್ಲ. ಆದರೆ ಇಡೀ ಪಾತ್ರೆ ಸಾಮಾನ್ಯವಾಗಿ ಆ ಕೋಣೆಗೆ ಹಿಡಿಯದು, ಖರ್ಚೂ ಕಡಿಮೆಯಲ್ಲ.

ಲೇಸರಿಗೂ ಬಗ್ಗದ ಗುಂಪೊಂದಿದೆ: ಆಂಟಿಮೊನಿ ಹಾಕಿದ, ನೀರಿನಷ್ಟು ತಿಳಿಯಾದ ಗಾಜು. ಚಕ್ರವರ್ತಿ ಡಯೊಕ್ಲಿಷಿಯನ್ 301ರಲ್ಲಿ ಹೊರಡಿಸಿದ ಬೆಲೆ ಶಾಸನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಗಾಜಿಗೆ ರಾತಲಿಗೆ 24 ದಿನಾರಿ, ಪ್ಯಾಲೆಸ್ಟೈನ್ ಭಾಗದ ಜುದೇಯಾದ ಹಸಿರು ಛಾಯೆಯ ಗಾಜಿಗೆ 13 ದಿನಾರಿ ಎಂದಿದೆ. ಆ ದುಬಾರಿ ಗಾಜು ಇದೇ ಇರಬೇಕೆಂದು ವಿದ್ವಾಂಸರು ಊಹಿಸಿದ್ದರೂ, ಅದಕ್ಕೆ ಬಳಸಿದ ಮರಳು ಬಹಳ ಶುದ್ಧವಾದ್ದರಿಂದ ಧಾತುಗಳು ಖಚಿತ ಸಾಕ್ಷ್ಯ ನುಡಿಯುತ್ತಿರಲಿಲ್ಲ. ಸ್ಟ್ರಾನ್ಷಿಯಂ, ನಿಯೋಡಿಮಿಯಂ ಐಸೋಟೋಪ್‌ಗಳೂ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಸಾಲವು, ಏಕೆಂದರೆ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಎರಡೂ ಕರಾವಳಿಗಳಿಗೆ ಮರಳು ಉಣಿಸಿದ್ದು ನೈಲ್ ನದಿಯೇ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ನೇತೃತ್ವದ ತಂಡವೊಂದು ಜೋರ್ಡಾನಿನ ಜೆರಾಶ್‌ನಲ್ಲಿ ಸಿಕ್ಕ ಗಾಜುಗಳ ಮೇಲೆ ಕೆಲಸ ಮಾಡಿ, ಹ್ಯಾಫ್ನಿಯಂ ಐಸೋಟೋಪ್‌ಗಳು ಈ ಎರಡು ಕರಾವಳಿಗಳನ್ನು ಬೇರ್ಪಡಿಸುತ್ತವೆ, ಆಂಟಿಮೊನಿ ಗಾಜು ಈಜಿಪ್ಟಿನದು ಎಂದು 2020ರಲ್ಲಿ ತೋರಿಸಿತು. ಹ್ಯಾಫ್ನಿಯಂ ಬಹುಪಾಲು ಜಿರ್ಕಾನ್ ಎಂಬ ಭಾರವಾದ ಕಣಗಳಲ್ಲಿರುತ್ತದೆ. ಮರಳು ಕರಾವಳಿಯುದ್ದಕ್ಕೂ ಸಾಗುವಾಗ ಅಲೆ ಮತ್ತು ಪ್ರವಾಹಗಳು ಆ ಕಣಗಳನ್ನು ಜಾಲಾಡಿ ಬೇರೆ ಮಾಡುತ್ತವೆ, ಹಾಗಾಗಿ ಎರಡು ಕರಾವಳಿಗಳ ಹ್ಯಾಫ್ನಿಯಂ ಒಂದೇ ತರಹ ಇರುವುದಿಲ್ಲ.

ಈ ವಿಧಾನ ಕೇಳುವ ಬೆಲೆ ಬೇರೆಯೇ ತರಹದ್ದು. ಚೂರಿನಿಂದ ತುಣುಕೊಂದನ್ನು ಕತ್ತರಿಸಿ, ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ, ಧೂಳಿಲ್ಲದ ಕೋಣೆಯಲ್ಲಿ ರಾಳದ ಸಣ್ಣ ಕೊಳವೆಗಳ ಮೂಲಕ ಹನಿಹನಿಯಾಗಿ ಇಳಿಸಿ ಹ್ಯಾಫ್ನಿಯಂ ಬೇರ್ಪಡಿಸಬೇಕು. ಅದು ಇರುವುದೇ ಒಂದೆರಡು ಪಿಪಿಎಂ. ತೆಗೆದುಕೊಂಡ ಗಾಜು ಮತ್ತೆ ಬಾರದು. ಆದ್ದರಿಂದ ಲೇಸರ್ ಫಲಿತಾಂಶ ಕೈಯಲ್ಲಿಲ್ಲದೆ ಇದಕ್ಕೆ ಚೂರು ಕೊಡುವುದು ನನ್ನ ಮಟ್ಟಿಗೆ ಸಲ್ಲದು. ಆಂಟಿಮೊನಿ ಮತ್ತು ಮ್ಯಾಂಗನೀಸ್ ಎರಡೂ ಗಣನೀಯವಾಗಿ ಕಂಡರೆ ಆ ಗಾಜು ಬೇರೆ ಬೇರೆ ಕಡೆಯ ಒಡಕು ಗಾಜು ಬೆರೆಸಿ ಮಾಡಿದ್ದೆಂದು ತಿಳಿಯಬೇಕು. ಅಂಥದರ ಹ್ಯಾಫ್ನಿಯಂ ಅಳತೆ ಎರಡು ಕರಾವಳಿಗಳ ನಡುವೆ ಎಲ್ಲೋ ಬೀಳುತ್ತದೆಯೇ ಹೊರತು ಯಾವ ಊರನ್ನೂ ಹೇಳದು. ಅದನ್ನು ಕತ್ತರಿಸದೆ ಹಾಗೆಯೇ ಇಟ್ಟುಕೊಳ್ಳುವುದು ಲೇಸು.